ಉಷ್ಣಪಾನೀಯ ನಿಷೇಧ: ಮಾರ್ಮನ್ ಪಂಥದ ಆಹಾರನಿಯಮವೂ ಕಾಫಿಯ ನಾಡೂ

ಮತಗಳ ಚರಿತ್ರೆಯನ್ನು ಬರೆಯುವವರು ತತ್ತ್ವ, ಗುರುಪರಂಪರೆ, ದೇವಾಲಯ, ಶಾಸನಗಳ ಕಡೆಗೆ ಸಹಜವಾಗಿಯೇ ಹೆಚ್ಚಿನ ಗಮನವನ್ನು ಕೊಡುತ್ತಾರೆ. ಆದರೆ ಜನಸಾಮಾನ್ಯರು ಒಂದು ಮತವನ್ನು ಗುರುತಿಸುವುದು ಬಹುಮಟ್ಟಿಗೆ ಅದರ ಅನುಯಾಯಿಗಳು ಏನನ್ನು ಉಣ್ಣುತ್ತಾರೆ, ಏನನ್ನು ಕುಡಿಯುವುದಿಲ್ಲ ಎಂಬುದರಿಂದ. ಶ್ರಾವಕನು ಸೂರ್ಯಾಸ್ತವಾದ ಮೇಲೆ ಉಣ್ಣನು. ನಿಷ್ಠಾವಂತನಾದ ಮಾಧ್ವನು ಏಕಾದಶಿಯಂದು ನೀರನ್ನೂ ಮುಟ್ಟನು. ಮುಸಲ್ಮಾನನು ರಂಜಾನಿನ ಹಗಲಿನಲ್ಲಿ ಉಗುಳನ್ನು ನುಂಗುವುದಕ್ಕೂ ಹಿಂಜರಿಯುವನು. ಈ ಸಾಲಿಗೆ ಅಮೆರಿಕದಿಂದ ಬಂದು ಸೇರಿದ ಮಾರ್ಮನ್ ಪಂಥದವರು ಕಾಫಿಯನ್ನೂ ಚಹವನ್ನೂ ಕುಡಿಯುವುದಿಲ್ಲ. ಕಾಫಿಯನ್ನು ಬೆಳೆದು, ಹುರಿದು, ಬಂದವರಿಗೆಲ್ಲ ಕೊಟ್ಟು ಬಾಳುವ ನಾಡಿನಲ್ಲಿ ಈ ನಿಯಮಕ್ಕೆ ಯಾವ ಅರ್ಥ ಒದಗುತ್ತದೆ ಎಂಬುದನ್ನು ಚಾರಿತ್ರಿಕವಾಗಿ ವಿಚಾರಿಸುವುದೇ ಪ್ರಕೃತ ಲೇಖನದ ಉದ್ದೇಶ.

ಮೊದಲು ಹೆಸರಿನ ಮಾತು. ಈ ಪಂಥದ ಅಧಿಕೃತ ನಾಮಧೇಯವನ್ನು ಕನ್ನಡದಲ್ಲಿ ಹೇಳುವುದಾದರೆ 'ಅಂತ್ಯದಿನಗಳ ಸಂತರ ಯೇಸುಕ್ರಿಸ್ತ ಸಭೆ' ಎಂದಾಗುತ್ತದೆ. 'ಮಾರ್ಮನ್' ಎಂಬುದು ಅವರ ಧರ್ಮಗ್ರಂಥಗಳಲ್ಲೊಂದರಿಂದ ಹುಟ್ಟಿ ಹೊರಗಿನವರು ಬಳಕೆಗೆ ತಂದ ಹೆಸರು. 2018ರಲ್ಲಿ ಅಂದಿನ ಅಧ್ಯಕ್ಷ ರಸಲ್ ನೆಲ್ಸನ್ ಅವರು ಅದನ್ನು ಬಿಡಬೇಕೆಂದು ಕೋರಿದರು. ಚರಿತ್ರೆಯ ಬರಹದಲ್ಲಿ ಹಳೆಯ ಹೆಸರು ಅನಿವಾರ್ಯವಾದುದರಿಂದ ಇಲ್ಲಿ ಅದನ್ನೇ ಉಳಿಸಿಕೊಂಡಿದೆ, ಅಗೌರವ ಉದ್ದೇಶವಲ್ಲ. ಅದೇ ವರ್ಷದ ಏಪ್ರಿಲಿನಲ್ಲಿ ಬೆಂಗಳೂರಿನಲ್ಲಿ ಈ ಪಂಥದ ದೇವಾಲಯವೊಂದನ್ನು ಕಟ್ಟಲಾಗುವುದೆಂದು ಸಾರಲಾಯಿತು. 2020ರ ಡಿಸೆಂಬರಿನಲ್ಲಿ ಭೂಮಿಪೂಜೆಗೆ ಸಮಾನವಾದ ವಿಧಿಯೂ ನಡೆಯಿತು. ಭಾರತದಲ್ಲಿ ಅವರ ದೇವಾಲಯಗಳಲ್ಲಿ ಇದು ಮೊದಲನೆಯದು. ಆ ಪಂಥದಲ್ಲಿ ವಾರದ ಪ್ರಾರ್ಥನೆಯ ಮಂದಿರವೇ ಬೇರೆ, ದೇವಾಲಯವೇ ಬೇರೆ. ಮಂದಿರಕ್ಕೆ ಯಾರಾದರೂ ಹೋಗಬಹುದು. ದೇವಾಲಯದ ಒಳಗೆ ಹೋಗಬೇಕಾದರೆ ಹಿರಿಯರ ಪ್ರಶ್ನೆಗಳಿಗೆ ಉತ್ತರ ಕೊಟ್ಟು ಅರ್ಹತಾಪತ್ರವನ್ನು ಪಡೆಯಬೇಕು. ಆ ಪ್ರಶ್ನೆಗಳಲ್ಲಿ ಒಂದು ಪಾನೀಯಗಳಿಗೆ ಸಂಬಂಧಿಸಿದುದು. ಆದುದರಿಂದ ಒಂದು ಲೋಟ ಕಾಫಿ ಇಲ್ಲಿ ಕೇವಲ ರುಚಿಯ ಪ್ರಶ್ನೆಯಲ್ಲ, ಪ್ರವೇಶದ ಪ್ರಶ್ನೆ.

ನಿಯಮದ ಮೂಲಕ್ಕೆ ಹೋಗೋಣ. 1833ರ ಫೆಬ್ರವರಿ 27ರಂದು, ಒಹಾಯೊ ಸಂಸ್ಥಾನದ ಕರ್ಟ್‌ಲೆಂಡ್ ಎಂಬ ಊರಿನಲ್ಲಿ, ಪಂಥದ ಸ್ಥಾಪಕನಾದ ಜೋಸೆಫ್ ಸ್ಮಿತ್ತನು ಒಂದು ದಿವ್ಯವಾಣಿಯನ್ನು ಪ್ರಕಟಿಸಿದನು. ಅದನ್ನು 'ವರ್ಡ್ ಆಫ್ ವಿಸ್ಡಮ್' ಎಂದು ಕರೆಯುತ್ತಾರೆ. 'ವಿವೇಕವಾಣಿ' ಎಂದರೆ ಸಲ್ಲುತ್ತದೆ. ನ್ಯೂವೆಲ್ ವಿಟ್ನಿ ಎಂಬ ವರ್ತಕನ ಅಂಗಡಿಯ ಮಾಳಿಗೆಯಲ್ಲಿ ಸ್ಮಿತ್ತನ ಸಂಸಾರವಿತ್ತು. ಆ ಮಾಳಿಗೆಯ ಇಕ್ಕಟ್ಟಾದ ಕೋಣೆಯೊಂದರಲ್ಲಿ ಅದೇ ವರ್ಷದ ಜನವರಿಯಿಂದ 'ಪ್ರವಾದಿಗಳ ಶಾಲೆ' ನಡೆಯುತ್ತಿತ್ತು. ಪಾಠಕ್ಕೆ ಬಂದ ಹಿರಿಯರು ಮೊದಲು ಚುಂಗಾಣಿ ಹಚ್ಚುವರು, ಆಮೇಲೆ ಹೊಗೆಸೊಪ್ಪನ್ನು ಜಗಿದು ನೆಲಕ್ಕೆ ಉಗುಳುವರು. ಕೋಣೆಯನ್ನು ತೊಳೆಯಬೇಕಾದವಳು ಸ್ಮಿತ್ತನ ಪತ್ನಿ ಎಮ್ಮಾ. ಹೊಗೆಯಲ್ಲಿ ಉಪದೇಶ ಮಾಡಬೇಕಾದ ಪತಿಗೂ ನೆಲ ತಿಕ್ಕಬೇಕಾದ ಪತ್ನಿಗೂ ಉಂಟಾದ ಬೇಸರದಿಂದ ಪ್ರಶ್ನೆ ಹುಟ್ಟಿತು, ಪ್ರಶ್ನೆಗೆ ಉತ್ತರವಾಗಿ ವಾಣಿ ಬಂದಿತು ಎಂಬುದು ಪ್ರಚಲಿತವಾದ ಕಥೆ.

ಈ ಕಥೆಯನ್ನು ಹೇಳಿದವನು ಬ್ರಿಗಮ್ ಯಂಗ್. ಹೇಳಿದುದು 1868ರಲ್ಲಿ, ಎಂದರೆ 35 ವರ್ಷಗಳ ತರುವಾಯ. ಘಟನೆ ನಡೆದಾಗ ತಾನು ಅಲ್ಲಿರಲಿಲ್ಲವೆಂದು ಅವನೇ ಒಪ್ಪಿಕೊಂಡಿದ್ದಾನೆ. ಹೀಗಿರುವಾಗ ಅದನ್ನು ಪ್ರತ್ಯಕ್ಷಸಾಕ್ಷ್ಯವೆಂದು ಗ್ರಹಿಸಲಾಗದು. ಆದರೂ ಅದನ್ನು ಪೂರ್ತಿಯಾಗಿ ತಳ್ಳಿಹಾಕಲು ಕಾರಣ ಕಾಣುವುದಿಲ್ಲ. ಒಂದು ಮತದ ಕಟ್ಟಳೆ ಗೃಹಿಣಿಯೊಬ್ಬಳ ನ್ಯಾಯವಾದ ಅಸಮಾಧಾನದಿಂದ ಹುಟ್ಟಿತೆಂದರೆ ಅದರ ಗೌರವಕ್ಕೆ ಕುಂದೇನೂ ಇಲ್ಲ. ನಮ್ಮಲ್ಲಿಯೂ ಮಡಿಯ ನಿಯಮಗಳನ್ನು ಬೆಳೆಸಿದವರು ಅಡುಗೆಮನೆಯ ಹೆಂಗಸರೇ ಹೊರತು ಶಾಸ್ತ್ರಕಾರರು ಮಾತ್ರವಲ್ಲ.

ಕಾಲದ ಗಾಳಿಯೂ ಅತ್ತಲೇ ಬೀಸುತ್ತಿತ್ತು. 1826ರಲ್ಲಿ ಬಾಸ್ಟನ್ನಿನಲ್ಲಿ ಅಮೆರಿಕದ ಪಾನಸಂಯಮ ಸಂಘವು ಸ್ಥಾಪಿತವಾಗಿತ್ತು. ಕರ್ಟ್‌ಲೆಂಡಿನಲ್ಲಿಯೂ ಅಂತಹ ಸಂಘವೊಂದು ಕೆಲಸ ಮಾಡುತ್ತಿತ್ತು. ಸಿಲ್ವೆಸ್ಟರ್ ಗ್ರಹಾಮನು ತವುಡು ತೆಗೆಯದ ಗೋಧಿಯನ್ನೂ ಶಾಕಾಹಾರವನ್ನೂ ಬೋಧಿಸುತ್ತಿದ್ದನು. ಬಿಸಿಯಾದ ದ್ರವವು ಜಠರವನ್ನು ಸಡಿಲಗೊಳಿಸಿ ದೇಹಬಲವನ್ನು ಕುಗ್ಗಿಸುತ್ತದೆಂಬುದು ಅಂದಿನ ವೈದ್ಯರಲ್ಲಿ ಹಲವರ ಅಭಿಪ್ರಾಯ. ವಿವೇಕವಾಣಿಯಲ್ಲಿ ಕಾಫಿ ಎಂಬ ಪದವೂ ಇಲ್ಲ, ಚಹ ಎಂಬ ಪದವೂ ಇಲ್ಲ. ಇರುವುದು 'ಉಷ್ಣಪಾನೀಯ' ಎಂಬುದೊಂದೇ. ಅದು ದೇಹಕ್ಕಾಗಲಿ ಹೊಟ್ಟೆಗಾಗಲಿ ತಕ್ಕುದಲ್ಲ ಎಂದಿಷ್ಟೇ ಮೂಲದ ತಾತ್ಪರ್ಯ. ಅದರ ಅರ್ಥ ಕಾಫಿ ಮತ್ತು ಚಹ ಎಂದು ಸ್ಪಷ್ಟಪಡಿಸಿದವನು ಜೋಸೆಫನ ಅಣ್ಣ ಹೈರಮ್ ಸ್ಮಿತ್. ಅದು 1842ರ ಮಾತು. ಸೂತ್ರಕ್ಕೆ ಭಾಷ್ಯ ಬರಲು ಒಂಬತ್ತು ವರ್ಷ ಹಿಡಿಯಿತು. ನಮ್ಮ ಸೂತ್ರಕಾರರ ವಿಷಯದಲ್ಲಿ ಶತಮಾನಗಳೇ ಹಿಡಿದಿರುವುದನ್ನು ನೆನೆದರೆ ಇದೇನೂ ದೀರ್ಘಕಾಲವಲ್ಲ.

ವಾಣಿಯ ಉಳಿದ ಭಾಗವನ್ನೂ ನೋಡಬೇಕು. ಏಕೆಂದರೆ ಹೊರಗಿನವರು ಅದನ್ನು ಬಹುಶಃ ಗಮನಿಸುವುದೇ ಇಲ್ಲ. ಮದ್ಯವು ಕೂಡದು, ದೇವಪ್ರಸಾದಕ್ಕಾಗಿ ತಾವೇ ತಯಾರಿಸಿದ ಶುದ್ಧ ದ್ರಾಕ್ಷಾರಸ ಮಾತ್ರ ಸಲ್ಲುವುದು. ಹೊಗೆಸೊಪ್ಪು ಮನುಷ್ಯನಿಗಲ್ಲ, ತರಚುಗಾಯಕ್ಕೂ ರೋಗಬಿದ್ದ ದನಗಳಿಗೂ ಔಷಧ. ಹಣ್ಣುಗಳನ್ನೂ ಸಸ್ಯಗಳನ್ನೂ ಆಯಾ ಋತುವಿನಲ್ಲಿ ಉಪಯೋಗಿಸಬೇಕು. ಮಾಂಸವನ್ನು ಮಿತವಾಗಿ, ಚಳಿಗಾಲದಲ್ಲಿಯೋ ಕ್ಷಾಮದಲ್ಲಿಯೋ ತಿನ್ನುವುದು ಮೇಲು. ಧಾನ್ಯವೇ ಬದುಕಿನ ಆಧಾರ: ಗೋಧಿ ಮನುಷ್ಯನಿಗೆ, ಮುಸುಕಿನ ಜೋಳ ಎತ್ತಿಗೆ, ಓಟ್ಸ್ ಕುದುರೆಗೆ, ಜವೆಗೋಧಿ ಪ್ರಾಣಿಗಳಿಗೂ ಸೌಮ್ಯವಾದ ಪಾನೀಯಗಳಿಗೂ. ಇವೆಲ್ಲವನ್ನೂ ಆಜ್ಞೆಯೆಂದಾಗಲಿ ನಿರ್ಬಂಧವೆಂದಾಗಲಿ ಹೇಳಿರದೆ ಹಿತವಚನವೆಂದೇ ಹೇಳಿದೆ.

ಹಿತವಚನವು ಆಜ್ಞೆಯಾದ ಬಗೆ ಚರಿತ್ರಕಾರನಿಗೆ ಅತ್ಯಂತ ಸ್ವಾರಸ್ಯಕರವಾದ ಭಾಗ. ಪಂಥದವರು ಇಲಿನಾಯ್ ಸಂಸ್ಥಾನದ ನಾವೂ ಪಟ್ಟಣವನ್ನು ಬಿಟ್ಟು ಪಶ್ಚಿಮಕ್ಕೆ ವಲಸೆ ಹೊರಡುವ ಮುನ್ನ, 1845ರಲ್ಲಿ, ಐದು ಜನರ ಕುಟುಂಬವೊಂದಕ್ಕೆ ಬೇಕಾಗುವ ಸಾಮಗ್ರಿಗಳ ಪಟ್ಟಿಯನ್ನು ಅಚ್ಚುಮಾಡಲಾಯಿತು. ಗಾಡಿ, ಎತ್ತು, ಹಿಟ್ಟು, ಸಕ್ಕರೆಗಳ ನಡುವೆ ಅದರಲ್ಲಿ 1 ಪೌಂಡು ಚಹವೂ 5 ಪೌಂಡು ಕಾಫಿಯೂ ಕಾಣಿಸುತ್ತವೆ! ಹೈರಮನ ಭಾಷ್ಯ ಬಂದು ಆಗ ಮೂರೇ ವರ್ಷ. 1851ರಲ್ಲಿ ಯೂಟಾದ ಮಹಾಸಭೆಯಲ್ಲಿ ಚಹ, ಕಾಫಿ, ಹೊಗೆಸೊಪ್ಪು, ವಿಸ್ಕಿಗಳನ್ನು ಬಿಡುತ್ತೇವೆಂದು ಜನ ಕೈಯೆತ್ತಿದರು; ಆದರೂ ಬಿಟ್ಟವರು ಬಿಟ್ಟರು, ಬಿಡದವರು ಬಿಡಲಿಲ್ಲ. ಮುಂದಿನ ದಶಕದಲ್ಲಿ ಯೂಟಾದ ದಕ್ಷಿಣ ಮೂಲೆಯ ಸೇಂಟ್ ಜಾರ್ಜ್ ಸುತ್ತಿನ ಊರುಗಳಲ್ಲಿ ಬ್ರಿಗಮ್ ಯಂಗನ ಪ್ರೋತ್ಸಾಹದಿಂದಲೇ ದ್ರಾಕ್ಷಿಯನ್ನು ಬೆಳೆದು ಮದ್ಯವನ್ನು ತಯಾರಿಸುತ್ತಿದ್ದರು. 1902ರಲ್ಲಿಯೂ ಅಧ್ಯಕ್ಷ ಜೋಸೆಫ್ ಎಫ್. ಸ್ಮಿತ್ ಅವರು ಹೊಗೆಸೊಪ್ಪು ಬಿಡಲಾರದ ಮುದುಕರ ವಿಷಯದಲ್ಲಿ, ಚಹ ಬಿಡಲಾರದ ಮುದುಕಿಯರ ವಿಷಯದಲ್ಲಿ ಉದಾರವಾಗಿರುವಂತೆ ಅಧಿಕಾರಿಗಳಿಗೆ ಸೂಚಿಸಿದ್ದರು. ಹೀಬರ್ ಗ್ರಾಂಟ್ ಅವರ ಅಧ್ಯಕ್ಷತೆಯಲ್ಲಿ, 1921ರ ಹೊತ್ತಿಗೆ, ನಿಯಮಪಾಲನೆಯು ದೇವಾಲಯ ಪ್ರವೇಶಕ್ಕೆ ಕಡ್ಡಾಯವಾಯಿತು. ಅಮೆರಿಕದಲ್ಲೆಲ್ಲ ಪಾನನಿಷೇಧವಿದ್ದ ಕಾಲವದು. ದೇಶವು 1933ರ ಡಿಸೆಂಬರ್ 5ರಂದು ನಿಷೇಧವನ್ನು ರದ್ದುಗೊಳಿಸಿದಾಗ ಅದಕ್ಕೆ ಬೇಕಾಗಿದ್ದ ಕೊನೆಯ ಸಮ್ಮತಿಯನ್ನು ಕೊಟ್ಟ ಸಂಸ್ಥಾನ ಯೂಟಾ. ಗ್ರಾಂಟ್ ಅವರಿಗೆ ಇದರಿಂದ ಬಹಳ ನೋವಾಯಿತು. ದೇಶ ಸಡಿಲಗೊಂಡಿತು, ಪಂಥ ಬಿಗಿಯಾಯಿತು. ಬಹುಪತ್ನೀತ್ವವನ್ನು 1890ರಲ್ಲಿ ಕೈಬಿಟ್ಟ ಮೇಲೆ, ತಾವು ಇತರರಿಂದ ಬೇರೆಯೆಂದು ತೋರಿಸಿಕೊಳ್ಳಲು ಆ ಜನಕ್ಕೆ ಹೊಸ ಗುರುತೊಂದು ಬೇಕಾಗಿತ್ತು. ಆ ಸ್ಥಾನವನ್ನು ಕಾಫಿಯ ಬಟ್ಟಲು ತುಂಬಿತೆಂದು ನನ್ನ ಊಹೆ.

ಈಗ ನಮ್ಮ ಕಡೆಗೆ ಬರೋಣ. ಈ ಪಂಥದ ಬೋಧಕರು ಭಾರತಕ್ಕೆ ಬಂದುದು ಇತ್ತೀಚೆಗೆ ಎಂಬ ಭಾವನೆ ಸರಿಯಲ್ಲ. 1851ರಲ್ಲಿಯೇ ಕಲ್ಕತ್ತೆಯಲ್ಲಿ ಕೆಲವರಿಗೆ ದೀಕ್ಷಾಸ್ನಾನವಾಯಿತು. 1853ರಲ್ಲಿ ರಿಚರ್ಡ್ ಬ್ಯಾಲಂಟೈನ್ ಮದರಾಸಿಗೆ ಬಂದು ಅಲ್ಲಿ ಪತ್ರಿಕೆಯೊಂದನ್ನೂ ಹೊರಡಿಸಿದನು. ಹ್ಯೂ ಫಿಂಡ್ಲೆ ಮುಂಬಯಿ, ಪುಣೆಗಳಲ್ಲಿ ಬೋಧಿಸಿದನು. ಫಲ ಅತ್ಯಲ್ಪ. ಕೆಲವೇ ವರ್ಷಗಳಲ್ಲಿ ಅವರು ಮರಳಿದರು. ಒಂದು ಶತಮಾನಕ್ಕೂ ಮಿಕ್ಕಿದ ಮೌನದ ಅನಂತರ ಬೀಜ ಮೊಳೆತುದು ತೆಲುಗು ನೆಲದಲ್ಲಿ. ಪಶ್ಚಿಮ ಸಮೋವಾ ದ್ವೀಪದಲ್ಲಿ ಕೆಲಸದಲ್ಲಿದ್ದು 1977ರಲ್ಲಿ ಈ ಪಂಥವನ್ನು ಸೇರಿದ ಎಡ್ವಿನ್ ಧರ್ಮರಾಜು ಮತ್ತು ಎಲ್ಸಿ ದಂಪತಿಗಳು 1978ರ ಕೊನೆಯಲ್ಲಿ ಹೈದರಾಬಾದಿಗೆ ಬಂದು ತಮ್ಮ ಬಂಧುಗಳಲ್ಲಿ ಸುಮಾರು ಇಪ್ಪತ್ತು ಮಂದಿಗೆ ದೀಕ್ಷೆ ಕೊಡಿಸಿದರು. ಎಲ್ಸಿಯವರ ತಂದೆ ಬ್ಯಾಪ್ಟಿಸ್ಟ್ ಬೋಧಕರು. ಮಾರ್ಮನ್ ಗ್ರಂಥದ ಭಾಗಗಳನ್ನು ತೆಲುಗಿಗೆ ತಂದವರು ಅವರೇ. 1993ರಲ್ಲಿ ಬೆಂಗಳೂರನ್ನು ಕೇಂದ್ರವಾಗಿಟ್ಟು ಪ್ರತ್ಯೇಕ ಮಿಷನ್ ಸ್ಥಾಪಿತವಾಯಿತು. ಪಂಜಾಬಿನಲ್ಲಿ ಹುಟ್ಟಿ ಅಮೆರಿಕದಲ್ಲಿ ಗಣಿತದ ಪ್ರಾಧ್ಯಾಪಕರಾಗಿದ್ದ ಗುರುಚರಣ್ ಸಿಂಗ್ ಗಿಲ್ ಅವರು ಅದರ ಮೊದಲ ಅಧ್ಯಕ್ಷರು. ರಾಜಮಹೇಂದ್ರಿ, ವಿಶಾಖಪಟ್ಟಣಗಳಲ್ಲಿ ಇಂದು ಅವರ ಸಭೆಗಳಿವೆ.

ವಿಶಾಖಪಟ್ಟಣದ ಕರಾವಳಿ ಕನ್ನಡಿಗರಿಗೆ ತೀರ ಪರಕೀಯವಲ್ಲ. ಮಧ್ವಾಚಾರ್ಯರ ಶಿಷ್ಯರೂ ಹರಿದಾಸ ಪರಂಪರೆಯ ಆದ್ಯರಲ್ಲೊಬ್ಬರೂ ಆದ ನರಹರಿತೀರ್ಥರು 13ನೆಯ ಶತಮಾನದ ಉತ್ತರಾರ್ಧದಲ್ಲಿ ಕಳಿಂಗದಲ್ಲಿ ಅಧಿಕಾರವಹಿಸಿದ್ದರೆಂಬುದಕ್ಕೆ ಶ್ರೀಕೂರ್ಮದ 1281ರ ಶಾಸನ ಸಾಕ್ಷಿ. ಏಕಾದಶಿಯ ನಿರ್ಜಲ ಉಪವಾಸವನ್ನು ಆಚಾರ್ಯರು 'ಕೃಷ್ಣಾಮೃತಮಹಾರ್ಣವ'ದಲ್ಲಿ ಒತ್ತಿಹೇಳಿದ್ದಾರೆ. ಮಾರ್ಮನ್ನರೂ ತಿಂಗಳಿಗೊಮ್ಮೆ, ಸಾಮಾನ್ಯವಾಗಿ ಮೊದಲನೆಯ ಭಾನುವಾರ, ಎರಡು ಹೊತ್ತಿನ ಊಟವನ್ನೂ ನೀರನ್ನೂ ಬಿಟ್ಟು, ಉಳಿದ ಹಣವನ್ನು ಬಡವರಿಗೆಂದು ಕೊಡುತ್ತಾರೆ. ಹೀಗೆ ನೀರನ್ನೂ ತೊರೆಯುವ ವ್ರತವು ಏಳು ಶತಮಾನಗಳ ಅಂತರದಲ್ಲಿ, ಒಂದಕ್ಕೊಂದು ಯಾವ ಸಂಬಂಧವೂ ಇಲ್ಲದ ಎರಡು ಮಾರ್ಗಗಳಿಂದ, ಅದೇ ಕರಾವಳಿಯನ್ನು ಮುಟ್ಟಿದೆ.

ಸಿಂಹಾಚಲವನ್ನು ದಾಟಿ ಉತ್ತರಕ್ಕೆ ಹೋಗುವ ರೈಲುದಾರಿಯಲ್ಲಿ ಪೆಂಡುರ್ತಿ ಎಂಬ ನಿಲ್ದಾಣವಿದೆ. ಅದರ ಮುಂದಿನ ಕೊತ್ತವಲಸದಲ್ಲಿ ಹಳಿ ಕವಲೊಡೆದು, ಬಸ್ತರಿನ ಕಬ್ಬಿಣದ ಅದಿರನ್ನು ಇಳಿಸುವುದಕ್ಕೆಂದು 1960ರ ದಶಕದಲ್ಲಿ ಹಾಕಿದ ಮಾರ್ಗವು ಪೂರ್ವಘಟ್ಟವನ್ನು ಏರುತ್ತದೆ. ಮೇಲೆ ಅರಕು ಕಣಿವೆ. ಅಲ್ಲಿ ಗಿರಿಜನರು ಕಾಫಿಯನ್ನು ಬೆಳೆಯುತ್ತಾರೆ. 2019ರಲ್ಲಿ ಅರಕುವಿನ ಅರೇಬಿಕ ಕಾಫಿಗೆ ಭೌಗೋಳಿಕ ಸೂಚಿಯ ಮನ್ನಣೆ ದೊರೆತಿದೆ. ಅದೇ ವರ್ಷ ಕೊಡಗು, ಚಿಕ್ಕಮಗಳೂರು, ಬಾಬಾಬುಡನ್‌ಗಿರಿಯ ಕಾಫಿಗಳಿಗೂ ದೊರೆಯಿತು. ಪೆಂಡುರ್ತಿಯ ಸುತ್ತಿನ ಹಳ್ಳಿಗಳ ಹಳೆಯ ಪಾನೀಯವಾದರೋ ಕಾಫಿಯಲ್ಲ, ಅಂಬಲಿ. ಆ ಸೀಮೆಯಲ್ಲಿ ರಾಗಿಗೆ 'ಚೋಡಿ' ಎನ್ನುತ್ತಾರೆ. ಹೆಸರು ಬೇರೆಯಾದರೂ ಚೋಡಿಯ ಅಂಬಲಿಗೂ ನಮ್ಮ ಬಯಲುಸೀಮೆಯ ರಾಗಿ ಅಂಬಲಿಗೂ ವಂಶ ಒಂದೇ. ಧಾನ್ಯದಿಂದ ಮಾಡಿದ ಸೌಮ್ಯಪಾನೀಯವೆಂದು ವಿವೇಕವಾಣಿ ಹೊಗಳುವ ವರ್ಗಕ್ಕೆ ಇದಕ್ಕಿಂತ ಉತ್ತಮವಾದ ನಿದರ್ಶನ ಒಹಾಯೊದಲ್ಲಿ ದೊರೆಯುತ್ತಿತ್ತೆಂದು ನನಗೆ ತೋರುವುದಿಲ್ಲ.

ನಮ್ಮ ಪ್ರಾಚೀನರ ಪಾನೀಯಗಳಲ್ಲಿ ಕಾಫಿಗೆ ಸ್ಥಾನವಿಲ್ಲದಿರುವುದು ಸಹಜವೇ. ಸುಮಾರು 1130ರಲ್ಲಿ ಚಾಲುಕ್ಯ ಮೂರನೆಯ ಸೋಮೇಶ್ವರನು ರಚಿಸಿದ 'ಮಾನಸೋಲ್ಲಾಸ'ದಲ್ಲಿ ಅನ್ನಭೋಗದಂತೆ ಪಾನೀಯಭೋಗಕ್ಕೂ ಪ್ರತ್ಯೇಕ ಪ್ರಕರಣವಿದೆ. 16ನೆಯ ಶತಮಾನದ ಆರಂಭದಲ್ಲಿ ಮೂರನೆಯ ಮಂಗರಸನು ಬರೆದ 'ಸೂಪಶಾಸ್ತ್ರ'ದಲ್ಲಿ ಪಾನಕಗಳ ವಿವರಣೆಯಿದೆ. ನೀರು, ಮಜ್ಜಿಗೆ, ಹಾಲು, ಹಣ್ಣಿನ ರಸ, ಬೆಲ್ಲದ ಪಾನಕ, ಗಂಜಿ, ಅಂಬಲಿ, ಬೇನೆ ಬಂದಾಗ ಕಷಾಯ: ಇವೇ ನಮ್ಮ ಹಿರಿಯರ ಗಂಟಲನ್ನು ನನೆಯಿಸಿದವು. ಬಾಬಾ ಬುಡನ್ ಎಂಬ ಸೂಫಿ ಸಂತರು 17ನೆಯ ಶತಮಾನದಲ್ಲಿ ಯೆಮೆನಿನಿಂದ ಏಳು ಬೀಜಗಳನ್ನು ತಂದು ಚಂದ್ರದ್ರೋಣ ಪರ್ವತದಲ್ಲಿ ಬಿತ್ತಿದರೆಂಬ ಐತಿಹ್ಯ ಎಲ್ಲರಿಗೂ ತಿಳಿದುದೇ. ತೋಟಗಾರಿಕೆಯಾಗಿ ಬೆಳೆದುದು 19ನೆಯ ಶತಮಾನದಲ್ಲಿ, ಆಂಗ್ಲರ ಕೈಯಲ್ಲಿ. ಇಂದು ಭಾರತದ ಕಾಫಿಯಲ್ಲಿ ಶೇಕಡಾ 70ರಷ್ಟು ಕರ್ನಾಟಕದ್ದು.

ಆದರೆ ಬೆಳೆದ ಮಾತ್ರಕ್ಕೆ ಕುಡಿದರೆಂದು ತಿಳಿಯಬಾರದು. ಬಹುಕಾಲ ಅದು ಹಡಗೇರುವ ಸರಕಾಗಿತ್ತು. ಪಟ್ಟಣಗಳ ಮನೆಮನೆಗೂ ಅದು ಹೊಕ್ಕುದು 20ನೆಯ ಶತಮಾನದಲ್ಲಿ, ಹೋಟೆಲುಗಳ ಮೂಲಕ. ಪರದೇಶದ ಮಾರುಕಟ್ಟೆ ಕುಸಿದಾಗ ಸ್ವದೇಶದಲ್ಲಿಯೇ ಕುಡಿಯುವವರನ್ನು ಹುಟ್ಟಿಸಬೇಕಾಯಿತು: 1930ರ ದಶಕದಲ್ಲಿ ಕಾಫಿ ಸೆಸ್ ಸಮಿತಿ, 1942ರ ಶಾಸನದ ಮೂಲಕ ಬೆಂಗಳೂರಿನ ಕಾಫಿ ಮಂಡಳಿ, ಅದರ ಕಾಫಿಹೌಸುಗಳು, ಆ ಕಾಫಿಹೌಸುಗಳನ್ನು ಮುಚ್ಚಹೊರಟಾಗ 1957ರಲ್ಲಿ ಬೆಂಗಳೂರಿನ ಕಾರ್ಮಿಕರು ಕಟ್ಟಿದ ಸಹಕಾರ ಸಂಘ. ಇಷ್ಟೆಲ್ಲ ಪ್ರಯತ್ನದಿಂದ ಬೆಳೆದ ಅಭ್ಯಾಸವನ್ನು ನಾವು ಈಗ ಅನಾದಿಯೆಂಬಂತೆ ಭಾವಿಸುತ್ತೇವೆ.

ವಿರೋಧವೂ ಇತ್ತು. ಆಚಾರವಂತರ ಮನೆಗಳಲ್ಲಿ ಹಿರಿಯ ಹೆಂಗಸರು ಕಾಫಿಯನ್ನು ಮ್ಲೇಚ್ಛಪಾನೀಯವೆಂದು ದೂರವಿಟ್ಟಿದ್ದರು. ಅದು ಒಳಗೆ ಬಂದ ಮೇಲೆ, ಉಪವಾಸದ ದಿನ ಕಾಫಿ ಸಲ್ಲುವುದೇ ಎಂಬ ಹೊಸ ಧರ್ಮಸಂಕಟ ಹುಟ್ಟಿತು. ಅನ್ನವನ್ನು ಬಿಟ್ಟವರು ಕಾಫಿಯನ್ನು ಬಿಡಲಾರದೆ, 'ಅದು ದ್ರವವಷ್ಟೆ' ಎಂದು ಸಮಾಧಾನ ಮಾಡಿಕೊಂಡುದನ್ನು ಕಾಣದವರಾರು? ಗಾಂಧೀಜಿಯವರು ಚಹ, ಕಾಫಿ, ಕೋಕೋಗಳು ಶರೀರಕ್ಕೆ ಅನಾವಶ್ಯಕವೆಂದು ತಮ್ಮ ಆರೋಗ್ಯವಿಷಯಕ ಬರಹಗಳಲ್ಲಿ ಸಾರಿದರು. ಅವರ ಮಾತಿಗೆ ಕಟ್ಟುಬಿದ್ದು ಕಾಫಿಯನ್ನು ತೊರೆದ ಕನ್ನಡಿಗರಿದ್ದರು. ಅವರ ತ್ಯಾಗವನ್ನು ಯಾರೂ ಅಸಭ್ಯತೆಯೆಂದು ಎಣಿಸಲಿಲ್ಲ.

ಕ್ರೈಸ್ತ ಮಿಷನ್ನುಗಳಲ್ಲಿಯೂ ಈ ವಿಷಯದಲ್ಲಿ ಏಕಾಭಿಪ್ರಾಯವಿರಲಿಲ್ಲ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರು ಮತಾಂತರ ಹೊಂದಿದ ಬಿಲ್ಲವರು ಸೇಂದಿ ಇಳಿಸುವ ಕಸುಬನ್ನು ಬಿಡಬೇಕೆಂದರು. ಬಿಟ್ಟವರಿಗೆ ಅನ್ನಕ್ಕೆ ದಾರಿ ಬೇಡವೇ? ನೇಯ್ಗೆಯ ಶಾಲೆ, ಹೆಂಚಿನ ಕಾರ್ಖಾನೆಗಳು ಬೆಳೆದುದಕ್ಕೆ ಇದೂ ಒಂದು ಕಾರಣ. ಆದರೆ ಕಾಫಿಯ ವಿಷಯದಲ್ಲಿ ಅವರಿಗೆ ಯಾವ ಸಂಕೋಚವೂ ಇರಲಿಲ್ಲ. 'ಮಂಗಳೂರ ಸಮಾಚಾರ'ದ ಹೆರ್ಮನ್ ಮೊಗ್ಲಿಂಗ್ ಅವರು ಕೊಡಗಿನ ಆನಂದಪುರದಲ್ಲಿ ಹೊಸ ಕ್ರೈಸ್ತರಿಗೆ ನೆಲೆ ಕಲ್ಪಿಸಿದಾಗ ಅವರ ಜೀವನಕ್ಕೆಂದು ನೆಡಿಸಿದುದು ಕಾಫಿಯ ಗಿಡಗಳನ್ನೇ. ಒಂದು ಮಿಷನ್ನಿಗೆ ಉದ್ಧಾರದ ಸಾಧನವಾದ ಗಿಡ ಇನ್ನೊಂದಕ್ಕೆ ವರ್ಜ್ಯ.

ತೌಲನಿಕವಾಗಿ ನೋಡಿದರೆ ಜೈನರ ನಿಯಮದೊಡನೆ ಹೋಲಿಕೆ ಹೆಚ್ಚು ಫಲಪ್ರದ. ಶ್ರಾವಕನು ಮದ್ಯ, ಮಾಂಸ, ಮಧುಗಳನ್ನು ಬಿಡಬೇಕೆಂಬುದು ಮೂಲಗುಣಗಳಲ್ಲಿ ಸೇರಿದೆ. ಅಲ್ಲಿ ಕಾರಣ ಜೀವಹಿಂಸೆ; ಇಲ್ಲಿ ಕಾರಣ ದೇಹವು ದೇವರ ಮಂದಿರವೆಂಬ ಭಾವನೆ ಮತ್ತು ವಿಧೇಯತೆ. ಜೈನಮುನಿಗೆ ಕಾಯಿಸಿದ ನೀರೇ ಪ್ರಾಸುಕ, ತಣ್ಣೀರು ನಿಷಿದ್ಧ. ಮಾರ್ಮನ್ನರ ಮೂಲವಾಕ್ಯದಲ್ಲಿ ಉಷ್ಣವೇ ದೋಷ. ಆದರೆ ಇಂದಿನ ಮಾರ್ಮನ್ನರು ಬಿಸಿಹಾಲನ್ನೂ ಬಿಸಿ ಚಾಕೊಲೇಟನ್ನೂ ಸಂಕೋಚವಿಲ್ಲದೆ ಕುಡಿಯುತ್ತಾರೆ, ಮಂಜುಗಡ್ಡೆ ಹಾಕಿದ ಚಹವನ್ನು ಮಾತ್ರ ಮುಟ್ಟುವುದಿಲ್ಲ. ಎಂದರೆ 'ಉಷ್ಣ' ಎಂಬ ಶಬ್ದವು ವಾಚ್ಯಾರ್ಥವನ್ನು ಸಂಪೂರ್ಣವಾಗಿ ಕಳೆದುಕೊಂಡು ಎರಡು ಗಿಡಗಳ ಹೆಸರಾಗಿ ಉಳಿದಿದೆ. ಕಾಫಿಯಲ್ಲಿರುವ ಕೆಫೀನ್ ಎಂಬ ಸತ್ತ್ವವೇ ನಿಷೇಧದ ಕಾರಣವೆಂದು ಬಹುಜನ ನಂಬಿದ್ದರು. 2012ರಲ್ಲಿ ಪಂಥದ ಕೇಂದ್ರವು ವಿವೇಕವಾಣಿಯಲ್ಲಿ ಕೆಫೀನಿನ ಮಾತಿಲ್ಲವೆಂದು ಸ್ಪಷ್ಟಪಡಿಸಿತು; 2017ರಲ್ಲಿ ಅವರದೇ ಬ್ರಿಗಮ್ ಯಂಗ್ ವಿಶ್ವವಿದ್ಯಾನಿಲಯದ ಆವರಣದಲ್ಲಿ ಕೆಫೀನುಳ್ಳ ಸೋಡಾಗಳ ಮಾರಾಟ ಆರಂಭವಾಯಿತು. 2019ರಲ್ಲಿ ಯುವಜನರ ಪತ್ರಿಕೆಯ ಮೂಲಕ, ಹೆಸರು ಬದಲಿಸಿ ಬರುವ ಕಾಫಿಯ ಪಾನೀಯಗಳೂ ಹಸುರು ಚಹವೂ ನಿಷಿದ್ಧವೇ ಎಂದು ಎಚ್ಚರಿಸಲಾಯಿತು. ಹಿಂದೆ ಮದ್ಯ ತಯಾರಾಗುತ್ತಿದ್ದ ಸೇಂಟ್ ಜಾರ್ಜಿನಲ್ಲಿಯೇ 2010ರಲ್ಲಿ ಬಗೆಬಗೆಯ ಪಾಕಗಳನ್ನು ಬೆರೆಸಿದ ಸಿಹಿಸೋಡಾಗಳ ಅಂಗಡಿಯೊಂದು ಹುಟ್ಟಿ, ಯೂಟಾದ ತುಂಬ ಅಂತಹವು ಹಬ್ಬಿವೆ. ಆರೋಗ್ಯದೃಷ್ಟಿಯಿಂದ ಅಷ್ಟು ಸಕ್ಕರೆಯು ಒಂದು ಲೋಟ ಕಾಫಿಗಿಂತ ಹಿತವೆಂದು ವೈದ್ಯರಾರೂ ಹೇಳಲಾರರು. ಆದರೆ ವ್ರತದ ತರ್ಕವೇ ಬೇರೆ. ಏಕಾದಶಿಯ ಅವಲಕ್ಕಿಯೂ ಈರುಳ್ಳಿಯಿಲ್ಲದ ಬೋಂಡವೂ ನಮಗೆ ಅದನ್ನು ಕಲಿಸಿವೆ.

ಮಾಂಸವನ್ನು ಮಿತವಾಗಿ ತಿನ್ನಬೇಕೆಂಬ, ಋತುವಿಗೆ ತಕ್ಕ ಹಣ್ಣು ಧಾನ್ಯಗಳನ್ನು ಬಳಸಬೇಕೆಂಬ ಭಾಗವು ಅದೇ ವಾಣಿಯಲ್ಲಿದ್ದರೂ, ದೇವಾಲಯದ ಬಾಗಿಲಲ್ಲಿ ಅದನ್ನು ಯಾರೂ ವಿಚಾರಿಸುವುದಿಲ್ಲ. ಇದು ನನಗೆ ಅಸಮಂಜಸವಾಗಿ ತೋರುತ್ತದೆ. ಅಮೆರಿಕದ ಗೋಪಾಲಕರ ನಾಡಿನಲ್ಲಿ ಮಾಂಸವನ್ನು ಬಿಡಿಸುವುದು ದುಸ್ಸಾಧ್ಯವಾಗಿದ್ದಿರಬೇಕು. ಪರದೇಶದಿಂದ ಬರುವ ಕಾಫಿಯನ್ನು ಬಿಡಿಸುವುದು ಅಷ್ಟು ಕಷ್ಟವಾಗಿರಲಿಲ್ಲ. ಬ್ರಿಗಮ್ ಯಂಗನಂತೂ ಹಣವು ಯೂಟಾದಿಂದ ಹೊರಗೆ ಹರಿಯಬಾರದೆಂಬ ಕಾರಣವನ್ನೂ ಮುಂದಿಟ್ಟಿದ್ದನು. ಅದೇ ನಿಯಮ ಕರ್ನಾಟಕಕ್ಕೆ ಬಂದಾಗ ತೂಕ ತಲೆಕೆಳಗಾಗುತ್ತದೆ. ಇಲ್ಲಿ ಮಾಂಸವನ್ನು ಮಿತವಾಗಿ ತಿನ್ನುವವರು, ತಿನ್ನದೆಯೇ ಇರುವವರು ಲಕ್ಷಾಂತರ. ಕಾಫಿಯಾದರೋ ನೆಲದ ಬೆಳೆ, ನೆರೆಯವನ ಜೀವನೋಪಾಯ, ಎಲ್ಲಕ್ಕಿಂತ ಮಿಗಿಲಾಗಿ ಆತಿಥ್ಯದ ಮೊದಲ ಮಾತು. ಹೆಣ್ಣು ನೋಡಲು ಬಂದವರಿಗೆ, ಸಾವಿನ ಮನೆಗೆ ಬಂದು ಕುಳಿತವರಿಗೆ, ಲೆಕ್ಕ ತೀರಿಸಲು ಬಂದ ವ್ಯಾಪಾರಿಗೆ ಅದನ್ನೇ ಕೊಡುತ್ತೇವೆ. ಜಾತಿಭೇದದ ದಿನಗಳಲ್ಲಿ ಯಾರ ಮನೆಯ ಕಾಫಿಯನ್ನು ಯಾರು ಕುಡಿದರು ಎಂಬುದು ಸಣ್ಣ ಸಂಗತಿಯಾಗಿರಲಿಲ್ಲ. ಶತಮಾನಗಳ ಕಾಲ ತಮ್ಮ ಕೈಯ ನೀರನ್ನು ಇತರರು ಮುಟ್ಟದೆ ಅವಮಾನಿತವಾದ ಮನೆಗಳಲ್ಲಿ, ಬಂದ ಅತಿಥಿಯು ಲೋಟವನ್ನು ದೂರ ಸರಿಸಿದರೆ ಆ ಹಳೆಯ ಗಾಯ ಮತ್ತೆ ಕೆದಕಿದಂತಾಗುವ ಸಂಭವವಿದೆ. ದೀಕ್ಷೆಗೆ ಮೊದಲೇ ಈ ನಿಯಮವನ್ನು ಪಾಲಿಸುವ ಮಾತು ಕೊಡಬೇಕಾದ ಹೊಸ ಸದಸ್ಯನಿಗೆ ಎದುರಾಗುವ ನಿಜವಾದ ಪರೀಕ್ಷೆ ನಾಲಗೆಯ ಚಾಪಲ್ಯದ್ದಲ್ಲ, ಇದು.

ಇದಕ್ಕೆ ನಮ್ಮ ಮನೆಗಳಲ್ಲಿಯೇ ಹಳೆಯ ಪರಿಹಾರವುಂಟು. 'ಇವತ್ತು ನನಗೆ ಒಪ್ಪತ್ತು' ಎಂದವರನ್ನು ಕನ್ನಡದ ಗೃಹಿಣಿ ಬಲವಂತಪಡಿಸುವುದಿಲ್ಲ. ಬರಿಗೈಯಲ್ಲಿ ಕಳುಹಿಸುವುದೂ ಇಲ್ಲ. ಒಳಗೆ ಹೋಗಿ ಬೇರೇನನ್ನಾದರೂ ತರುತ್ತಾಳೆ. ಕೊತ್ತಂಬರಿ ಜೀರಿಗೆಯ ಕಷಾಯವಿದೆ, ಮಲೆನಾಡಿನಲ್ಲಿ ಅದಕ್ಕೆ ಹಾಲು ಬೆಲ್ಲ ಬೆರೆಸಿ ಕಾಫಿಯ ಸ್ಥಾನದಲ್ಲಿಯೇ ಕೊಡುವ ರೂಢಿಯಿದೆ. ಬೇಸಗೆಯಾದರೆ ಮಜ್ಜಿಗೆ, ಪಾನಕ. ಬಯಲುಸೀಮೆಯಲ್ಲಿ ರಾಗಿ ಹುರಿಹಿಟ್ಟು, ಅಂಬಲಿ. ಕಷಾಯವು ಕಾಫಿಗಿಡದ ಬೀಜದಿಂದಲೂ ಚಹಾಗಿಡದ ಎಲೆಯಿಂದಲೂ ಆದುದಲ್ಲವಾದುದರಿಂದ, ಅದು ಎಷ್ಟೇ ಬಿಸಿಯಾಗಿದ್ದರೂ ಇಂದಿನ ಭಾಷ್ಯದ ಪ್ರಕಾರ ಮಾರ್ಮನ್ನರಿಗೆ ನಿಷಿದ್ಧವಲ್ಲ. ಅಮೆರಿಕದಲ್ಲಿ ಕಾಫಿಗೆ ಬದಲಾಗಿ ಹುರಿದ ಗೋಧಿತವುಡಿನಿಂದ 'ಪೋಸ್ಟಂ' ಎಂಬ ಪಾನೀಯವನ್ನು ಸಿ. ಡಬ್ಲ್ಯು. ಪೋಸ್ಟ್ ಎಂಬವನು 1895ರಲ್ಲಿ ಕಂಡುಹಿಡಿಯಬೇಕಾಯಿತು. ಪೆಂಡುರ್ತಿಯಲ್ಲಿಯೂ ಸಿರಸಿಯಲ್ಲಿಯೂ ಅಂತಹ ಪಾನೀಯ ಅದಕ್ಕೆ ಬಹಳ ಮೊದಲಿನಿಂದ ಒಲೆಯ ಮೇಲೆಯೇ ಇತ್ತು.